ಎರಡಿಂಚಿನ ಸುಳ್ಳು

ಗೋಡೆಯ ಪಕ್ಕ ನಿಂತು ಕೈ ಮೇಲೆತ್ತುವುದರಲ್ಲಿ ಯಾರಾದರೂ ಏನು ಮೋಸ ಮಾಡಲು ಸಾಧ್ಯ ಎಂದು ನೀವು ಕೇಳಬಹುದು. ಬಾಸ್ಕೆಟ್‌ಬಾಲ್ ಆಡುವವರನ್ನು ಕೇಳಿ ನೋಡಿ, ನಕ್ಕು ಮಾತು ಬದಲಿಸುತ್ತಾರೆ.

ಜಿಗಿತ ಅಳೆಯುವ ಕ್ರಮ ಬಹಳ ಸುಲಭ. ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಹಿಮ್ಮಡಿ ಎತ್ತದೆ, ಕೈಯನ್ನು ಎಷ್ಟಾಗುತ್ತದೋ ಅಷ್ಟು ಮೇಲಕ್ಕೆ ಚಾಚಿ ಗೋಡೆಯ ಮೇಲೆ ಒಂದು ಗುರುತು ಹಾಕಬೇಕು. ಆಮೇಲೆ ನಿಂತಲ್ಲಿಂದಲೇ ಜಿಗಿದು ಇನ್ನೊಂದು ಗುರುತು. ಎರಡರ ನಡುವಿನ ಅಂತರವೇ ನಿಮ್ಮ ಜಿಗಿತ. ಅದು ಹೆಚ್ಚು ಕಾಣಬೇಕೆಂದರೆ ಹೆಚ್ಚು ಜಿಗಿಯಲೇಬೇಕೆಂದಿಲ್ಲ. ಮೊದಲ ಗುರುತು ಸ್ವಲ್ಪ ಕೆಳಗೆ ಬಿದ್ದರೂ ಸಾಕು. ಭುಜವನ್ನು ಒಂದು ಚೂರು ಇಳಿಬಿಡಬೇಕು, ಮೊಣಕೈಯನ್ನು ಯಾರಿಗೂ ಕಾಣದಷ್ಟು ಮಡಿಸಬೇಕು, ಮುಖದಲ್ಲಿ ಮಾತ್ರ ಆಕಾಶ ಮುಟ್ಟುವ ಶ್ರಮ ಕಾಣಬೇಕು.

ಬುಗುರಿ ಆ ಬೆಳಿಗ್ಗೆ ಮಾಡಿದ್ದು ಇಷ್ಟೇ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ನಿಂತು, ಎರಡಿಂಚು ಸುಳ್ಳು ಹೇಳಿದಳು.

ಅವಳನ್ನು ಬೈಯುವ ಮೊದಲು ಅವಳ ಕಷ್ಟವನ್ನೂ ಕೇಳಿ. ಅವಳಿಗೆ ಮೂವತ್ತೊಂದು ವರ್ಷ. ತಂಡದಲ್ಲೆಲ್ಲ ಅವಳೇ ಹಿರಿಯಳು, ಅವಳೇ ಕುಳ್ಳಿ. ಚೆಂಡು ಹಿಡಿದು ತನ್ನ ಸುತ್ತಲೇ ಒಂದು ಸುತ್ತು ತಿರುಗಿ ಎದುರಾಳಿಯನ್ನು ದಾಟಿಹೋಗುವ ಆಟಕ್ಕೆ ಬಿದ್ದ ಅಡ್ಡಹೆಸರು ಬುಗುರಿ. ಶಿಬಿರಕ್ಕೆ ಬಂದವರು ಹದಿನಾರು ಜನ, ಲೀಗ್‌ಗೆ ಹೋಗುವವರು ಹನ್ನೆರಡು, ಆಯ್ಕೆಯಲ್ಲಿ ಜಿಗಿತಕ್ಕೂ ಲೆಕ್ಕವಿದೆ. ಈ ವರ್ಷ ಹೆಸರು ಬಿಟ್ಟುಹೋದರೆ ಮುಂದಿನ ವರ್ಷ ಮೂವತ್ತೆರಡರವಳನ್ನು ಯಾರೂ ಕರೆಯುವುದಿಲ್ಲ. ಆಟ ಬಿಟ್ಟರೆ ತಾನು ಯಾರು ಎಂಬುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಅಳೆಯುತ್ತಿದ್ದವನು ಹೊಸಬ. ಸ್ಟೂಲಿನ ಮೇಲೆ ಪೆನ್ಸಿಲ್ ಹಿಡಿದು ನಿಂತಿದ್ದ. ತಂಡಕ್ಕೆ ಬಲದ ವ್ಯಾಯಾಮ ಕಲಿಸಲು ಬಂದ ಟ್ರೇನರ್, ತೆಳ್ಳಗೆ, ಮಿತಭಾಷಿ, ಕಿವಿಯ ಹಿಂದೆ ಇನ್ನೊಂದು ಪೆನ್ಸಿಲ್. ಅವನು ಬರುವವರೆಗೆ ಅಲ್ಲಿ ಸೀಟಿಯ ರಾಜ್ಯವಿತ್ತು. ಕೋಚ್ ಮೇಡಂ ಸೀಟಿ ಊದಿದರೆ ಹದಿನಾರು ಜನವೂ ಒಂದೇ ಭಾರ ಹೊತ್ತು ಒಂದೇ ಲೆಕ್ಕಕ್ಕೆ ಕೂತು ಏಳಬೇಕು. ಏಣಿ ಎಂಬ ಅಡ್ಡಹೆಸರಿನ ಆರಡಿ ಎರಡಿಂಚಿನವಳಿಗೂ ಅದೇ, ಐದಡಿ ನಾಲ್ಕಿಂಚಿನ ಬುಗುರಿಗೂ ಅದೇ. ಇವನು ಬಂದವನೇ, ಒಬ್ಬರ ಕಾಲಿನಲ್ಲಿ ಬಲವಿದ್ದು ವೇಗ ಇರುವುದಿಲ್ಲ, ಇನ್ನೊಬ್ಬರಲ್ಲಿ ವೇಗವಿದ್ದು ಬಲ ಇರುವುದಿಲ್ಲ, ಇಬ್ಬರಿಗೂ ಒಂದೇ ಔಷಧಿ ಕೊಟ್ಟರೆ ಒಬ್ಬರಿಗೆ ವಾಸಿ ಇನ್ನೊಬ್ಬರಿಗೆ ಕಾಯಿಲೆ ಎಂದು ಮೇಡಂಗೆ ಹೇಳಿದನಂತೆ. ಪ್ರತಿಯೊಬ್ಬರನ್ನೂ ಅಳೆದು, ಪ್ರತಿಯೊಬ್ಬರಿಗೂ ಬೇರೆ ಚೀಟಿ ಬರೆದುಕೊಡುತ್ತೇನೆ ಎಂದನಂತೆ. ಹಾಗಾಗಿ ಬಂದ ಎರಡನೆಯ ದಿನಕ್ಕೇ ಹುಡುಗಿಯರ ಬಾಯಲ್ಲಿ ಅವನು ಚೀಟಿ ಮೇಷ್ಟ್ರು ಆದ.

ಮೇಡಂ ಆರು ವಾರ ಕೊಟ್ಟರು. ಆರು ವಾರದ ಮೇಲೆ ಮತ್ತೆ ಅಳೆಯುವಾಗ ಒಬ್ಬಳ ಜಿಗಿತ ಇಳಿದಿದ್ದರೂ ಚೀಟಿ ಬಂದ್, ಮೇಷ್ಟ್ರು ಪೆಟ್ಟಿಗೆ ಕಟ್ಟಬಹುದು. ಇದನ್ನು ಅವರು ಎಲ್ಲರೆದುರೇ ಹೇಳಿದರು.

ಬುಗುರಿ ಕೈ ಎತ್ತಿ ನಿಂತಾಗ ಮೇಷ್ಟ್ರು ಬಗ್ಗಿ ನೋಡಿದ. ಅವನ ಕಣ್ಣು ಅವಳ ಬೆರಳ ತುದಿಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಇಳಿಯಿತು. ಹುಬ್ಬು ಸ್ವಲ್ಪ ಗಂಟಾಯಿತು. ಏನೋ ಕೇಳಲು ಬಾಯಿ ತೆರೆದ. ಅಂಕಣದಲ್ಲಿ ಎದುರಾಳಿ ಅಡ್ಡ ಬಂದಾಗ ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತು: ಅವರು ನೋಡುವ ಕಡೆಯಿಂದ ಅವರ ಕಣ್ಣು ತಪ್ಪಿಸಬೇಕು. ಅವಳು ಕತ್ತು ತಿರುಗಿಸಿ ನೇರ ಅವನ ಕಣ್ಣಿಗೇ ಕಣ್ಣಿಟ್ಟು, ಒಂದು ಹುಬ್ಬನ್ನು ಮಾತ್ರ ಎತ್ತಿ, ತುಟಿಯ ಒಂದು ಮೂಲೆಯಲ್ಲಿ ನಕ್ಕಳು.

"ಏನ್ ಮೇಷ್ಟ್ರೇ, ಗೋಡೆ ನೋಡ್ತೀರೋ, ನನ್ನ ನೋಡ್ತೀರೋ?"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದರು. ಮೇಷ್ಟ್ರ ಕಿವಿ ಕೆಂಪಾಯಿತು. ಪೆನ್ಸಿಲ್ ಒಂದು ಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ಅವಳ ಬೆರಳ ಪಕ್ಕ ಒಂದು ಗೆರೆ ಎಳೆದು 'ಬುಗುರಿ' ಎಂದು ಬರೆಯಿತು. ಅವಳು ಜಿಗಿದಳು. ಹದಿನೆಂಟು ಇಂಚು. ನಿಜವಾದದ್ದು ಹದಿನಾರು ಎಂದು ಆ ಹಾಲ್‌ನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಾರನೆಯ ದಿನ ಚೀಟಿಗಳು ಬಂದವು. ಅಂಗೈ ಅಗಲದ ದಪ್ಪ ಕಾಗದ, ಗುಂಡು ಗುಂಡಾದ ಅಕ್ಷರ. ಯಾವ ವ್ಯಾಯಾಮ, ಎಷ್ಟು ಭಾರ, ಎಷ್ಟು ಸಲ, ನಡುವೆ ಎಷ್ಟು ವಿಶ್ರಾಂತಿ. ಕೆಳಗೆ ಒಂದು ಚೌಕ: 'ಇವತ್ತು ಎಷ್ಟು ಭಾರ ಅನ್ನಿಸಿತು? ಒಂದರಿಂದ ಹತ್ತು.' ಅದಕ್ಕೂ ಕೆಳಗೆ, ಆಯಾ ಆಟಗಾರ್ತಿಗಾಗಿ ಒಂದು ಸಾಲು.

ಬುಗುರಿಯ ಚೀಟಿ ಅವಳ ಸುಳ್ಳಿನ ಮೇಲೆ ನಿಂತಿತ್ತು. ಇಷ್ಟು ಕುಳ್ಳಿ ಹದಿನೆಂಟು ಇಂಚು ಜಿಗಿಯುತ್ತಾಳೆಂದರೆ ಕಾಲಿನಲ್ಲಿ ಚಿಮ್ಮುವ ವೇಗ ಬೇಕಾದಷ್ಟಿದೆ, ಅದಕ್ಕೆ ತಕ್ಕ ಬಲ ಇಲ್ಲ ಎಂದು ಮೇಷ್ಟ್ರ ಲೆಕ್ಕ ಹೇಳಿತು. ಆದ್ದರಿಂದ ಭಾರ ಹೊರಿಸು, ನಿಧಾನ ಕೂರಿಸು, ನಿಧಾನ ಎಬ್ಬಿಸು. ನಿಜ ತಿರುವುಮುರುವಾಗಿತ್ತು. ಬುಗುರಿಯ ಕಾಲಿಗೆ ಬಲದ ಕೊರತೆ ಎಂದೂ ಇರಲಿಲ್ಲ. ಅತ್ತಿಗೆಯ ಹೊಲಿಗೆ ಅಂಗಡಿಗೆ ಬಟ್ಟೆಯ ಥಾನು ಹೊತ್ತು ಎರಡು ಮಹಡಿ ಹತ್ತಿ ಬೆಳೆದ ಕಾಲು ಅದು. ಈಚೆಗೆ ಕಡಿಮೆಯಾಗಿದ್ದದ್ದು ವೇಗ. ಇದೆಲ್ಲ ಅವಳಿಗೂ ಆಗ ತಿಳಿಯಲಿಲ್ಲ. ರಾಡಿನ ಮೇಲೆ ಪ್ಲೇಟು ಏರಿಸಿಕೊಂಡು ಖುಷಿಯಾಗಿಯೇ ಕೂತೆದ್ದಳು.

ಮೊದಲ ವಾರದ ಚೀಟಿಯ ಕೊನೆಯ ಸಾಲು: 'ಎಡ ಕಾಲ್ಚೀಲಕ್ಕೆ ಎರಡು ಮಡಿಕೆ, ಬಲಗಡೆ ಒಂದೇ. ಎಡ ಹಿಮ್ಮಡಿ ನೋಯುತ್ತಿದೆಯೇ?'

ಬುಗುರಿ ಆ ಸಾಲನ್ನು ಎರಡು ಸಲ ಓದಿದಳು. ಹಿಮ್ಮಡಿ ನೋಯುತ್ತಿರುವುದು ನಿಜ, ವರ್ಷದಿಂದ ನೋಯುತ್ತಿದೆ, ಮನೆಯಲ್ಲೂ ಯಾರಿಗೂ ಹೇಳಿಲ್ಲ. ಕೆಳಗೆ ಬರೆದಳು: 'ಇಲ್ಲ. ಕಾಲ್ಚೀಲ ಹಳೆಯದು.'

ಮರುವಾರ ಅವಳು ಹೊಸ ಕಾಲ್ಚೀಲ ಹಾಕಿಕೊಂಡು ಬಂದಳು. ಚೀಟಿ ಹೀಗೆಂದಿತು: 'ಕಾಲ್ಚೀಲ ಹೊಸದಾಗಿದೆ. ಮಡಿಕೆ ಹಳೆಯದೇ.'

ಅವಳು ಚೌಕದಲ್ಲಿ ಆರು ಎಂದು ಬರೆದರೆ ಸಂಜೆ ಅದರ ಪಕ್ಕ 'ಮುಖ ಒಂಬತ್ತು ಅನ್ನುತ್ತಿತ್ತು' ಎಂದು ಬರೆದಿರುತ್ತಿತ್ತು. ಅವಳು 'ನನ್ನ ಮುಖ ಇರೋದೇ ಹಾಗೆ' ಎಂದು ಉತ್ತರಿಸಿದಳು. 'ಇಲ್ಲ, ಚೆಂಡು ಹಿಡಿದಾಗ ಹಾಗಿರುವುದಿಲ್ಲ' ಎಂದು ಬಂತು. ಈ ಸಾಲನ್ನು ಬುಗುರಿ ಮನೆಗೆ ಕೊಂಡುಹೋಗಿ, ಬಟ್ಟೆ ಮಡಿಸುತ್ತಾ, ಹಲ್ಲುಜ್ಜುತ್ತಾ, ಬಸ್ಸಿಗೆ ಕಾಯುತ್ತಾ ನೆನೆಸಿಕೊಂಡಳು. ಇಷ್ಟು ವರ್ಷ ಅವಳ ಆಟ ನೋಡಿದವರಿದ್ದರು, ಅಂಕ ನೋಡಿದವರಿದ್ದರು. ಮುಖ ನೋಡಿದವನು ಇವನೊಬ್ಬ.

ಎದುರಿಗೆ ಸಿಕ್ಕಾಗ ಮಾತ್ರ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೂಂ, ಸರಿ, ಬೆನ್ನು ನೇರ, ಉಸಿರು ಬಿಡಿ. ಅವಳು ರಾಡು ಹೊತ್ತು ಕೂರುವಾಗ ಹಿಂದೆ ನಿಂತು ಕಾಯುತ್ತಿದ್ದ. ಕನ್ನಡಿಯಲ್ಲಿ ಕಣ್ಣು ಸಿಕ್ಕರೆ ತಕ್ಷಣ ಪ್ಲೇಟು ಎಣಿಸತೊಡಗುತ್ತಿದ್ದ. ಇರುವುದು ನಾಲ್ಕೇ ಪ್ಲೇಟು. ಅದನ್ನು ಎಷ್ಟು ಸಲ ಎಣಿಸುತ್ತಾನೆ ಎಂದು ಬುಗುರಿ ಒಳಗೊಳಗೇ ನಗುತ್ತಿದ್ದಳು.

ಆ ನಗು ನಾಲ್ಕನೆಯ ವಾರ ಆರಿತು. ನೀರು ಕುಡಿಯಲು ಬಂದ ಏಣಿ ತನ್ನ ಚೀಟಿಯನ್ನು ಬೆಂಚಿನ ಮೇಲೆ ಬಿಟ್ಟುಹೋಗಿದ್ದಳು. ಕೊನೆಯಲ್ಲಿ ಅದೇ ಗುಂಡು ಅಕ್ಷರ: 'ಹುಬ್ಬು ಗಂಟು ಹಾಕಿ ಎತ್ತಬೇಡಿ. ಭಾರ ಇರುವುದು ಹುಬ್ಬಿನಲ್ಲಲ್ಲ.' ಬುಗುರಿ ಪಕ್ಕದಲ್ಲಿ ಬೇರೆಯವರು ಇಟ್ಟಿದ್ದ ಚೀಟಿ ನೋಡಿದಳು, ಅದರ ಪಕ್ಕದ್ದನ್ನೂ ನೋಡಿದಳು. ಎಲ್ಲರಿಗೂ ಒಂದೊಂದು ಸಾಲು. ಒಬ್ಬಳ ನಿದ್ದೆ ವಿಚಾರಿಸಿದ್ದ, ಇನ್ನೊಬ್ಬಳ ತಾಯಿಯ ಆಪರೇಷನ್ ವಿಚಾರಿಸಿದ್ದ. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ನೋಡುವುದೇ ಅವನ ಕೆಲಸ, ಅದಕ್ಕೇ ಅವನಿಗೆ ಸಂಬಳ. ತಾನು ಹದಿನಾರರಲ್ಲಿ ಒಬ್ಬಳು ಎಂಬುದು ಬುಗುರಿಗೆ ಬೆಂಚಿನ ಮೇಲೆ ಕೂತಲ್ಲೇ ತಿಳಿಯಿತು, ಮತ್ತು ಬಹಳ ನೋವಾಯಿತು.

ಕಾಲೂ ಅದೇ ವಾರದಿಂದ ಭಾರವಾಗತೊಡಗಿತು. ಅಂಕಣದಲ್ಲಿ ಸುತ್ತು ತಿರುಗಿದರೆ ಅರ್ಧ ಹೆಜ್ಜೆ ತಡ. ಅವಳಿಗಿಂತ ಹತ್ತು ವರ್ಷ ಚಿಕ್ಕ ಹುಡುಗಿಯರು ಅವಳ ಕೈಯಿಂದ ಚೆಂಡು ಕಸಿದುಕೊಂಡರು. ಮೇಷ್ಟ್ರು ಒಂದು ಮಧ್ಯಾಹ್ನ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮಡಿಲಲ್ಲಿ ಅವಳ ಐದೂ ಚೀಟಿ.

"ಎಲ್ಲೋ ತಪ್ಪಿದೀನಿ," ಅಂದ. "ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಿಮ್ಮ ಕಾಲು ಒಂದು ಹೇಳತ್ತೆ, ನನ್ನ ಲೆಕ್ಕ ಇನ್ನೊಂದು ಹೇಳತ್ತೆ. ನಾನು ಕಾಲನ್ನೇ ನಂಬಬೇಕು."

ಬುಗುರಿಯ ನಾಲಗೆಯ ತುದಿಗೆ ಬಂತು. ಎದುರಿನ ಗೋಡೆಯಲ್ಲಿ ಹದಿನಾರು ಪೆನ್ಸಿಲ್ ಗೆರೆಗಳಿದ್ದವು, ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಅವಳದು. ಕುಳ್ಳಿಯ ಗೆರೆ ಕೆಳಗಿರುವುದು ಸಹಜ ಎಂದು ಯಾರೂ ಅದರತ್ತ ನೋಡುತ್ತಿರಲಿಲ್ಲ. ಅವಳು ಮಾತ್ರ ದಿನಾ ನೋಡುತ್ತಿದ್ದಳು. ಬಿಸಿ ತುಪ್ಪ ಬಾಯಲ್ಲಿದ್ದ ಹಾಗೆ, ನುಂಗಲಾಗದೆ ಉಗುಳಲಾಗದೆ, ಕೊನೆಗೆ ನಿದ್ದೆ ಕಡಿಮೆಯಾಗಿದೆ ಅಷ್ಟೇ ಎಂದಳು. ಅವನು ಅದನ್ನೂ ಬರೆದುಕೊಂಡ.

ಆರನೆಯ ವಾರದ ಶನಿವಾರ ಮತ್ತೆ ಅಳತೆ. ಕೈ ಚಾಚಿ ನಿಲ್ಲುವ ಅಳತೆಯನ್ನು ಎರಡನೆಯ ಸಲ ತೆಗೆಯಲಿಲ್ಲ, ಬೆಳೆದ ಹೆಂಗಸರು ಮತ್ತೆ ಬೆಳೆಯುವುದಿಲ್ಲವಲ್ಲ. ಹಳೆಯ ಗೆರೆಯಿಂದಲೇ ಜಿಗಿತ ಲೆಕ್ಕ ಹಾಕಿದರು. ಹದಿನೈದು ಜನರ ಜಿಗಿತ ಏರಿತ್ತು. ಏಣಿಯಂತೂ ಎರಡೂವರೆ ಇಂಚು ಏರಿ, ಕೂಗಿಕೊಂಡು ಮೇಷ್ಟ್ರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಕೊನೆಗೆ ಬುಗುರಿ ಜಿಗಿದಳು. ಹದಿನೇಳೂವರೆ. ಅರ್ಧ ಇಂಚು ಕಡಿಮೆ.

ಮೇಡಂ ಕೆಟ್ಟವರಲ್ಲ, ಆದರೆ ಆಡಿದ ಮಾತಿಗೆ ತಪ್ಪುವವರೂ ಅಲ್ಲ. ಹದಿನೈದು ಜನಕ್ಕೆ ಒಳ್ಳೆಯದಾಗಿರಬಹುದು, ಆದರೆ ತಂಡದ ಹಳೆಯ ಕಾಲೊಂದನ್ನು ಕೆಡಿಸಿದ ಪದ್ಧತಿಯನ್ನು ಇಟ್ಟುಕೊಳ್ಳಲು ತನಗೆ ಧೈರ್ಯವಿಲ್ಲ ಎಂದರು. ಸೋಮವಾರದಿಂದ ಮತ್ತೆ ಸೀಟಿ. ಬುಗುರಿ ಹೆದರಬೇಕಾಗಿಲ್ಲ, ಹದಿನೇಳೂವರೆ ಎಂದರೂ ಅವಳು ಮೇಲಿನ ಹತ್ತರಲ್ಲಿದ್ದಾಳೆ, ಹನ್ನೆರಡರಲ್ಲಿ ಅವಳ ಹೆಸರು ಇದ್ದೇ ಇದೆ.

ಮೇಷ್ಟ್ರು ವಾದ ಮಾಡಲಿಲ್ಲ. "ತಪ್ಪು ನಂದೇ ಮೇಡಂ," ಅಂದ. "ಅವರ ಕಾಲಲ್ಲಿ ದೋಷ ಇಲ್ಲ. ನಾನು ಓದಿದ್ದು ಸರಿ ಇಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಬುಗುರಿ ಚಿಕ್ಕಂದಿನಿಂದ ಕೇಳಿದ್ದಳು. ಬರೆ ಹಾಕಿಸಿಕೊಂಡವನ ಮುಖ ಹೇಗಿರುತ್ತದೆ ಎಂದು ನೋಡಿದ್ದು ಅವತ್ತೇ. ಅವನು ಅವಳ ಕಡೆ ತಿರುಗಿ, ಕ್ಷಮಿಸಿ ಎನ್ನುವ ಹಾಗೆ ತಲೆ ಬಾಗಿಸಿದ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಭಾನುವಾರ ಅತ್ತಿಗೆಯ ಅಂಗಡಿಯಲ್ಲಿ ಕೋಟು ಹೊಲಿಸಿದವರೊಬ್ಬರು ಜಗಳ ಮಾಡಿ ಹೋದರು. ಗುಂಡಿ ಹಾಕಲಾಗುತ್ತಿಲ್ಲ, ಬಟ್ಟೆಯೆಲ್ಲ ಹಾಳು ಮಾಡಿದಿರಿ ಎಂದು ಅರ್ಧ ಗಂಟೆ ಕೂಗಾಡಿದರು. ಅವರು ಮೆಟ್ಟಿಲಿಳಿದ ಮೇಲೆ ಅತ್ತಿಗೆ ಕತ್ತಿನಲ್ಲಿದ್ದ ಟೇಪು ಸರಿಮಾಡಿಕೊಂಡು ಇಸ್ತ್ರಿ ಮೇಜಿನ ಬಳಿ ಕೂತಿದ್ದ ನಾದಿನಿಗೆ ಹೇಳಿದಳು:

"ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ದ ಕಣೇ. ಉಸಿರು ಬಿಡಿ ಅಂದ್ರೂ ಬಿಡಲಿಲ್ಲ. ಈಗ ಹೊಲಿಗೆ ತಪ್ಪು ಅಂತಾನೆ. ನಾನು ಹೊಲಿದಿದ್ದು ಸರಿಯಾಗೇ ಇದೆ, ಅವನು ನಿಂತು ತೋರಿಸಿದ ಮನುಷ್ಯನಿಗೆ. ಆ ಮನುಷ್ಯ ಈ ಭೂಮಿ ಮೇಲೆ ಇಲ್ಲ, ಅದಕ್ಕೆ ನಾನೇನು ಮಾಡಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬುಗುರಿ ನಿಜಕ್ಕೂ ಹೆಗಲು ಮುಟ್ಟಿಕೊಂಡಳು. ಆ ದಿನ ಇಳಿಬಿಟ್ಟಿದ್ದ ಅದೇ ಬಲಗಡೆಯ ಹೆಗಲು. ಮುಟ್ಟಿಕೊಂಡವಳೇ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತಿಗೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಪಕ್ಕದಲ್ಲಿ ಕೂತು ಎಲ್ಲ ಕೇಳಿದಳು. ಎರಡಿಂಚಿನ ಕತೆ, ಕಾಲ್ಚೀಲದ ಕತೆ, ಸಾಲುಗಳ ಕತೆ. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದಳು.

"ಈ ಅಳು ತಂಡದಲ್ಲಿರೋ ಜಾಗಕ್ಕೋ, ಮೇಷ್ಟ್ರಿಗೋ?"

ಜಾಗ ಗಟ್ಟಿಯಾಗಿಯೇ ಇದೆ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಗಿದ್ದ ಮೇಲೆ ಅಳು ಯಾವುದಕ್ಕೆಂದು ಅತ್ತಿಗೆಗೂ ತಿಳಿಯಿತು, ನಾದಿನಿಗೂ ತಿಳಿಯಿತು.

ಸೋಮವಾರ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಮೇಡಂ ಸೀಟಿಯನ್ನು ಬಾಯಿಗೆ ಇಟ್ಟುಕೊಳ್ಳುವಷ್ಟರಲ್ಲಿ ಬುಗುರಿ ಸಾಲಿನಿಂದ ಹೊರಬಂದು, ಒಂದು ನಿಮಿಷ ಬೇಕು ಎಂದಳು. ಮೇಷ್ಟ್ರು ಮೂಲೆಯಲ್ಲಿ ತನ್ನ ರಬ್ಬರ್ ಪಟ್ಟಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಗೋಡೆಯ ಬಳಿ ಹೋಗಿ ತನ್ನ ಗೆರೆಯ ಪಕ್ಕ ನಿಂತಳು. ಹಿಮ್ಮಡಿ ನೆಲಕ್ಕೊತ್ತಿ, ಮೊಣಕೈ ನೇರ ಮಾಡಿ, ಭುಜವನ್ನು ಕಿವಿಯವರೆಗೆ ಎತ್ತಿ, ಕೈ ಚಾಚಿದಳು. ಬೆರಳ ತುದಿ ಪೆನ್ಸಿಲ್ ಗೆರೆಯನ್ನು ದಾಟಿ ಎರಡಿಂಚು ಮೇಲೆ ಹೋಗಿ ನಿಂತಿತು.

ಹದಿನೈದು ಜನರೂ ನೋಡಿದರು. ಆಟಗಾರ್ತಿಯರಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಏಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಮೊದಲನೇ ದಿನ ಭುಜ ಇಳಿಸಿ ನಿಂತಿದ್ದೆ ಮೇಡಂ," ಬುಗುರಿ ಗೋಡೆಗೆ ಮುಖ ಮಾಡಿಯೇ ಹೇಳಿದಳು, ತಿರುಗುವ ಧೈರ್ಯ ಇರಲಿಲ್ಲ. "ನನ್ನ ಜಿಗಿತ ಹದಿನಾರೇ. ಈಗ ಹದಿನೈದೂವರೆ. ಮೇಷ್ಟ್ರು ಬರೆದ ಚೀಟಿ ತಪ್ಪಿರಲಿಲ್ಲ. ನಾನು ಅವರಿಗೆ ಕೊಟ್ಟ ಕಾಲು ನನ್ನದಾಗಿರಲಿಲ್ಲ."

ಮೇಡಂ ಸೀಟಿಯನ್ನು ಕೊರಳಿಗೆ ಬಿಟ್ಟು, ಇಷ್ಟು ವರ್ಷ ನಿನ್ನನ್ನು ಚಿಕ್ಕವರಿಗೆ ಮಾದರಿ ಎಂದು ತೋರಿಸುತ್ತಿದ್ದೆ ಎಂದರು. ಅದಕ್ಕಿಂತ ದೊಡ್ಡ ಬೈಗುಳ ಅವರಿಗೆ ಬೇಕಾಗಲಿಲ್ಲ. ಹನ್ನೆರಡರಲ್ಲಿ ಅವಳ ಹೆಸರು ಇರುವುದಿಲ್ಲ. ಲೀಗ್‌ನ ಅರ್ಧದಲ್ಲಿ ಒಬ್ಬರನ್ನು ಬದಲಿಸಲು ಅವಕಾಶ ಇದೆ. ಅಷ್ಟರೊಳಗೆ ನಿಜವಾದ ಹದಿನೇಳು ಜಿಗಿದು ತೋರಿಸಿದರೆ ನೋಡೋಣ, ಇಲ್ಲದಿದ್ದರೆ ಇಲ್ಲಿಗೆ ಮುಗಿಯಿತು. ಮೇಷ್ಟ್ರು ಚೀಲ ಬಿಚ್ಚಬಹುದು.

ಮೇಷ್ಟ್ರು ಬಂದು ಹಳೆಯ ಗೆರೆಯನ್ನು ರಬ್ಬರಿನಿಂದ ಉಜ್ಜಿ ಅಳಿಸಿದ. ಅವಳ ಬೆರಳಿದ್ದಲ್ಲಿ ಹೊಸ ಗೆರೆ ಎಳೆದ. ಇಷ್ಟು ಹತ್ತಿರ ನಿಂತಿದ್ದರೂ ಒಂದು ಸಲವೂ ಅವಳ ಮುಖ ನೋಡಲಿಲ್ಲ.

ಮಂಗಳವಾರ ಅವಳ ಕೈಗೆ ಹೊಸ ಚೀಟಿ ಬಂತು. ಭಾರ ಕಡಿಮೆ, ಚುರುಕಾದ ಸಣ್ಣ ಸಣ್ಣ ಜಿಗಿತಗಳು, ನಡುವೆ ಧಾರಾಳ ವಿಶ್ರಾಂತಿ. ಆದರೆ ಅಕ್ಷರ ಗುಂಡಾಗಿರಲಿಲ್ಲ. ಉದ್ದುದ್ದ, ಬಲಕ್ಕೆ ವಾಲಿದ ಅಕ್ಷರ, ತಂಡದವರ ನೋವು-ಗಾಯ ನೋಡಿಕೊಳ್ಳುವ ಫಿಸಿಯೋ ಅಕ್ಕನದು. ಕೊನೆಯ ಸಾಲಿನ ಜಾಗ ಖಾಲಿ. ಇನ್ನು ಮುಂದೆ ಇವಳ ಚೀಟಿ ತಾನೇ ಬರೆಯುವುದಂತೆ, ಮೇಷ್ಟ್ರೇ ಕೇಳಿಕೊಂಡರು ಎಂದು ಫಿಸಿಯೋ ಹೇಳಿದಳು.

ಅವನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ ಎಂದು ಬುಗುರಿಗೆ ಅರ್ಥವಾಯಿತು. ಸರಿಯೇ ಎಂದುಕೊಂಡಳು. ಮಾಡಿದ್ದುಣ್ಣೋ ಮಹರಾಯ. ಫಿಸಿಯೋ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು, ಇವಳು ಮರದ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಜಿಗಿಯುತ್ತಿದ್ದಳು. ಹತ್ತು ದಿನದಲ್ಲಿ ಕಾಲು ಹಗುರಾಯಿತು, ಸುತ್ತು ತಿರುಗಿದರೆ ಮೊದಲಿನ ಹಾಗೆ ಗಾಳಿ ಕಿವಿಗೆ ಬಡಿಯಿತು. ಹೊಸ ಚೀಟಿಯಲ್ಲಿ ಚೌಕ ಇತ್ತು, ಅದರಲ್ಲಿ ಅವಳು ಸುಳ್ಳು ಬರೆಯಲಿಲ್ಲ. ಆರಾದರೆ ಆರು, ಒಂಬತ್ತಾದರೆ ಒಂಬತ್ತು. ಅದರ ಪಕ್ಕ ಯಾರೂ ಏನೂ ಬರೆಯಲಿಲ್ಲ.

ತಂಡ ಲೀಗ್‌ಗೆ ಹೊರಡುವ ದಿನ ಬಂತು. ಹೊರಗೆ ಬಸ್ಸಿಗೆ ಚೀಲ ಏರಿಸುತ್ತಿದ್ದರು. ಉಳಿಯುವ ನಾಲ್ವರಲ್ಲಿ ಮೂವರು ಕೈಬೀಸಲು ಗೇಟಿನ ಬಳಿ ನಿಂತಿದ್ದರು. ಬುಗುರಿ ಭಾರ ಎತ್ತುವ ಕೋಣೆಗೆ ಬಂದಳು. ಮೇಷ್ಟ್ರು ಸೀಮೆಸುಣ್ಣದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ.

"ಬೈಯೋದಿದ್ರೆ ಬೈದು ಹೋಗಿ ಮೇಷ್ಟ್ರೇ," ಅಂದಳು. "ನಾನು ಕೇಳಿಸ್ಕೋತೀನಿ. ಹೀಗೆ ಬೇರೆಯವರ ಕೈಲಿ ಬರೆಸಿ ಸುಮ್ಮನೆ ಇರಬೇಡಿ."

ಅವನು ಮುಚ್ಚಳವನ್ನು ಒಂದು ಸಲ ತಪ್ಪಾಗಿ ಹಾಕಿ, ಮತ್ತೆ ತೆಗೆದು ಹಾಕಿದ.

"ಬೈಯೋ ಹಕ್ಕು ನನಗಿಲ್ಲ," ಅಂದ. "ನಿಮ್ಮ ಭುಜ ಇಳಿದಿದ್ದು ಅವತ್ತೇ ನನಗೆ ಕಾಣಿಸ್ತು."

ಬುಗುರಿ ಬೆರಗಾಗಿ ನೋಡಿದಳು. ಹಾಗಾದರೆ ಯಾಕೆ ಕೇಳಲಿಲ್ಲ ಎಂದು ಅವಳು ಕೇಳಬೇಕಾಗಲಿಲ್ಲ. ಅವನೇ ಹೇಳಿದ.

"ಹದಿನೈದು ಜನರ ಅಳತೆ ಎರಡೆರಡು ಸಲ ತಗೊಂಡೆ. ಅದು ನನ್ನ ನಿಯಮ. ನಿಮ್ಮದೊಂದು ಮಾತ್ರ ಒಂದೇ ಸಲ. ಮತ್ತೊಮ್ಮೆ ನಿಲ್ಲಿ ಅನ್ನೋಕೆ ಬಾಯಿ ತೆಗೆದೆ, ನೀವು ನನ್ನ ನೋಡಿದ್ರಿ. ಅಷ್ಟೇ, ಏನು ಅಳೀತಿದ್ದೆ ಅನ್ನೋದೇ ಮರೆತುಹೋಯ್ತು. ನಿಮ್ಮ ತಪ್ಪು ಎರಡಿಂಚು. ನನ್ನ ತಪ್ಪು ಅದಕ್ಕಿಂತ ದೊಡ್ಡದು."

ಅವನ ಕಿವಿ ಮೊದಲ ದಿನದಷ್ಟೇ ಕೆಂಪಾಗಿತ್ತು. ಬುಗುರಿ ತಪ್ಪಿಸಿಕೊಳ್ಳಲು ಎಸೆದ ನೋಟ ಅದು, ಆಟದ ಚಾಲಾಕಿ. ಅದನ್ನು ಇವನು ಎಂಟು ವಾರದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ.

"ನಿಮ್ಮ ವಿಷಯದಲ್ಲಿ ನನ್ನ ಪೆನ್ಸಿಲ್ ನ್ಯಾಯವಾಗಿ ನಡೆಯಲ್ಲ," ಅವನೆಂದ. "ನೀವು ತಂಡಕ್ಕೆ ವಾಪಸ್ ಬರಬೇಕು. ಅದಕ್ಕೆ ನಿಮ್ಮನ್ನ ಸರಿಯಾಗಿ ಅಳೆಯೋರು ಬೇಕು. ಹಾಗಾಗಿ ಅಕ್ಕನಿಗೆ ಕೊಟ್ಟೆ. ಕೋಪದಿಂದ ಅಲ್ಲ."

ಅವಳು ಬಹಳ ದಿನದಿಂದ ಒಳಗೆ ಕುಟುಕುತ್ತಿದ್ದದ್ದನ್ನು ಕೊನೆಗೆ ಕೇಳಿಯೇಬಿಟ್ಟಳು. "ಎಲ್ಲರ ಚೀಟೀಲೂ ಒಂದು ಸಾಲು ಬರೀತೀರಲ್ಲ. ನನ್ನದೂ ಅದರಲ್ಲಿ ಒಂದು ಅಂದ್ಕೊಂಡಿದ್ದೆ."

"ಹದಿನೈದು ಚೀಟಿ ಒಂದೊಂದೇ ಸಲ ಬರೀತಿದ್ದೆ. ನಿಮ್ಮದು ಎರಡು ಸಲ." ಅವನು ಚೀಲದ ಪಕ್ಕದ ಜೇಬಿನಿಂದ ಒಂದು ಕಟ್ಟು ತೆಗೆದ. "ಮೊದಲು ಬರೆದಿದ್ದು ಕೊಡೋ ಹಾಗೆ ಇರ್ತಿರಲಿಲ್ಲ."

ಆರು ಚೀಟಿ. ಮೇಲೆಲ್ಲ ಅದೇ ವ್ಯಾಯಾಮ, ಅದೇ ಭಾರ. ಕೊನೆಯ ಸಾಲು ಮಾತ್ರ ಬೇರೆ. ಮೊದಲ ವಾರದ್ದು: 'ನೀವು ಕೇಳಿದ್ದಕ್ಕೆ ಉತ್ತರ: ಗೋಡೆ ನೋಡಲ್ಲಿಲ್ಲ.' ಅವಸರದಲ್ಲಿ ಒಂದು ಒತ್ತಕ್ಷರ ಹೆಚ್ಚಾಗಿ ಬಿದ್ದಿತ್ತು, ಅವನು ತಿದ್ದಿಯೂ ಇರಲಿಲ್ಲ. ಮೂರನೆಯದು: 'ಕಾಲ್ಚೀಲದ ನೆಪದಲ್ಲಿ ಇನ್ನೆಷ್ಟು ದಿನ ಬರೆಯಲಿ?' ಐದನೆಯದು: 'ನಿಮ್ಮ ಕಾಲು ಭಾರವಾದ ದಿನ ನನಗೆ ಊಟ ಸೇರುವುದಿಲ್ಲ.' ಆರನೆಯದರ ಸಾಲು ಮಾತ್ರ ಅಳತೆಯಾದ ಆ ಶನಿವಾರ ಸಂಜೆ ಬರೆದದ್ದು: 'ನಾನು ಹೋದ ಮೇಲೂ ಎಡ ಹಿಮ್ಮಡಿಗೆ ಐಸ್ ಇಡುವುದನ್ನು ಬಿಡಬೇಡಿ.'

ಓದುತ್ತಾ ಓದುತ್ತಾ ಬುಗುರಿಯ ಕಣ್ಣು ತುಂಬಿತು. ಕೆಲಸ ಕಳೆದುಕೊಂಡ ಸಂಜೆ ಒಬ್ಬ ಮನುಷ್ಯ ತನ್ನ ಹಿಮ್ಮಡಿಯ ಬಗ್ಗೆ ಯೋಚಿಸುತ್ತಾ ಕೂತಿದ್ದ. ಅವಳು ಅವನ ಕಿವಿಯ ಹಿಂದಿನ ಪೆನ್ಸಿಲ್ ತಾನೇ ತೆಗೆದುಕೊಂಡು, ಕೊನೆಯ ಚೀಟಿಯನ್ನು ಬೆಂಚಿನ ಮೇಲಿಟ್ಟು, ಎಷ್ಟು ಭಾರ ಅನ್ನಿಸಿತು ಎಂಬ ಚೌಕದಲ್ಲಿ ಹತ್ತು ಎಂದು ಬರೆದಳು. ಬರೆದು ಅವನ ಕಣ್ಣೆದುರು ಹಿಡಿದಳು.

"ಮುಖ ಎಷ್ಟು ಅನ್ನತ್ತೆ?"

ಅವನು ನೋಡಿದ. ಈ ಸಲ ಪ್ಲೇಟು ಎಣಿಸಲಿಲ್ಲ. ಅವಳ ಒದ್ದೆ ಕಣ್ಣು, ಎತ್ತಿದ ಒಂದು ಹುಬ್ಬು, ತುಟಿಯ ಮೂಲೆಯಲ್ಲಿ ಅದೇ ನಗು, ಎಲ್ಲವನ್ನೂ ನಿಧಾನವಾಗಿ ನೋಡಿದ.

"ಮುಖಾನೂ ಹತ್ತೇ ಅನ್ನತ್ತೆ," ಅಂದ.

ಅವಳ ಕೈ ಅವನ ಕೈಯಲ್ಲಿತ್ತು. ಯಾರು ಮೊದಲು ಹಿಡಿದರೆಂದು ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಹೇಳಿದರು. ಹೊರಗೆ ಮೇಡಂ ಸೀಟಿ ಊದಿದರು, ಬಸ್ಸು ಹೊರಡುವ ಸೀಟಿ. ಅವನು ಹೋಗುವಾಗ ಅವಳ ಬೆರಳುಗಳ ಮೇಲೆಲ್ಲ ಸೀಮೆಸುಣ್ಣ ಅಂಟಿತ್ತು. ಅವಳು ಮನೆಗೆ ಬರುವವರೆಗೆ ಕೈ ತೊಳೆಯಲಿಲ್ಲ.

ಲೀಗ್‌ನ ಅರ್ಧದಲ್ಲಿ ತಂಡ ಮೂರು ದಿನಕ್ಕೆ ಮರಳಿದಾಗ ಮೇಡಂ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿದರು. ಸ್ಟೂಲು ಹತ್ತಿದ್ದು ಫಿಸಿಯೋ. ಮೇಷ್ಟ್ರು ತಾನಾಗಿಯೇ ಹಾಲ್‌ನ ಹೊರಗೆ ಹೋಗಿ ಬೆನ್ನು ಮಾಡಿ ನಿಂತಿದ್ದ. ಕೈ ಚಾಚಿದ ಅಳತೆಯನ್ನು ಎರಡು ಸಲ ತೆಗೆದರು. ಹದಿನೇಳು ಇಂಚು, ಮೇಲೆ ಕಾಲು ಇಂಚು. ಒಳಗಿನಿಂದ ಏಣಿ ಕೂಗಿದ್ದು ಕೇಳಿ ಅವನಿಗೆ ಗೊತ್ತಾಯಿತು. ಅವಳು ಹೇಳಿದ್ದ ಸುಳ್ಳಿಗಿಂತ ಅದು ಮುಕ್ಕಾಲು ಇಂಚು ಕಡಿಮೆ, ಆದರೆ ಪೂರ್ತಿ ಅವಳದೇ. ಹನ್ನೆರಡನೆಯವಳಾಗಿ ಬಸ್ಸು ಹತ್ತಿ, ಹೆಚ್ಚಾಗಿ ಬೆಂಚಿನಲ್ಲೇ ಕೂತು, ಆಡಿದಷ್ಟು ಹೊತ್ತು ಬುಗುರಿಯ ಹಾಗೆಯೇ ಆಡಿದಳು.

ಲೀಗ್ ಮುಗಿದ ಮೇಲಿನ ಒಂದು ಭಾನುವಾರ ಮೇಷ್ಟ್ರು ಅತ್ತಿಗೆಯ ಅಂಗಡಿಯ ಎರಡು ಮಹಡಿ ಹತ್ತಿ ಬಂದ. ಕೋಟು ಹೊಲಿಸಬೇಕು ಎಂದ. ಯಾವ ಸಮಾರಂಭಕ್ಕೆ ಎಂದು ಅತ್ತಿಗೆ ಕೇಳಿದಳು. ಅವನು ಇಸ್ತ್ರಿ ಮೇಜಿನ ಕಡೆ ನೋಡಿದ. ಬುಗುರಿ ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದಳು. ಅತ್ತಿಗೆ ಮುಂದೆ ಏನೂ ಕೇಳದೆ ಕತ್ತಿನಿಂದ ಟೇಪು ತೆಗೆದಳು.

ತೋಳು, ಭುಜ, ಎದೆ ಆಯಿತು. ಸೊಂಟಕ್ಕೆ ಟೇಪು ಸುತ್ತುವಾಗ, ಹದಿನಾರು ಜನಕ್ಕೆ ಉಸಿರು ಬಿಡಿ ಎಂದು ಪಾಠ ಹೇಳಿದ ಮಹಾನುಭಾವ, ಹೆಣ್ಣಿನ ಮನೆಯವರ ಮುಂದೆ ನಿಂತಿದ್ದೇನೆಂಬ ಭಯಕ್ಕೋ ಏನೋ, ಹೊಟ್ಟೆಯನ್ನು ಬೆನ್ನಿಗಂಟುವ ಹಾಗೆ ಒಳಗೆಳೆದುಕೊಂಡು ಮರದಂತೆ ನಿಂತಿದ್ದ.

"ಅತ್ತಿಗೆ," ಬುಗುರಿ ತಲೆ ಎತ್ತದೆ ಹೇಳಿದಳು, "ಎರಡು ಸಲ ಅಳೀರಿ. ಒಂದೇ ಸಲ ಅಳೆದ್ರೆ ಏನಾಗತ್ತೆ ಅಂತ ನಮ್ಮಿಬ್ಬರಿಗೂ ಗೊತ್ತು."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಕೂಡಲೇ ಹಿಡಿದಿದ್ದ ಉಸಿರೆಲ್ಲ ಹೊರಗೆ ಬಂತು, ಅತ್ತಿಗೆಯ ಕೈಯಲ್ಲಿದ್ದ ಟೇಪು ಎರಡಿಂಚು ಮುಂದಕ್ಕೆ ಸರಿಯಿತು, ಅತ್ತಿಗೆ ಅದನ್ನೇ ಬರೆದುಕೊಂಡಳು.